ರೆಕ್ಕೆ ತಲೆಕೆಳಗು, ಮೇಲೆ ಮರಳಿನ ಚೀಲ

ಮಾಡೆಲ್ ವಿಮಾನ ಕಟ್ಟುವವರ ಮನೆಯಲ್ಲಿ ಆಗಾಗ ಒಂದು ವಿಚಿತ್ರ ನಡೆಯುತ್ತದೆ. ತಿಂಗಳುಗಟ್ಟಲೆ ಕೂತು, ಪಕ್ಕೆಲುಬಿನಂಥ ರಿಬ್‌ಗಳನ್ನು ಒಂದೊಂದಾಗಿ ಅಂಟಿಸಿ, ಮರಳು ಕಾಗದದಲ್ಲಿ ಉಜ್ಜಿ, ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ ಮಾಡಿದ ರೆಕ್ಕೆಯನ್ನು ಸ್ಟೂಲಿನ ಮೇಲೆ ತಲೆಕೆಳಗಾಗಿ ಇಡುತ್ತಾರೆ. ಆಮೇಲೆ ಅದರ ಮೇಲೆ ಮರಳಿನ ಪೊಟ್ಟಣ ಹೇರುತ್ತಾ ಹೋಗುತ್ತಾರೆ. ನಮ್ಮ ಮನೆಯಲ್ಲಿ ಇದನ್ನು ಮೊದಲ ಸಲ ನೋಡಿದಾಗ ಬಂದ ಪ್ರಶ್ನೆ ನ್ಯಾಯವಾಗಿಯೇ ಇತ್ತು: 'ಮುರಿಯೋದಕ್ಕೇ ಮಾಡಿದ್ರಾ?'

ಮುರಿಯೋದಕ್ಕಲ್ಲ. ಆದರೆ ಅದಕ್ಕೂ ಹಿಂದೆ ಒಂದು ರೆಕ್ಕೆ ಆಗಲೇ ಮುರಿದಿತ್ತು, ಅದೂ ಗಾಳಿಯಲ್ಲಿ. ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ಹಾರಿಸುತ್ತಿದ್ದೆ. ಮೇಲಿನಿಂದ ಮೂಗು ಬಗ್ಗಿಸಿ ಇಳಿಸಿ, ಕೆಳಗೆ ಬಂದಾಗ ಮೇಲೇಳಲಿ ಅಂತ ರಿಮೋಟ್‌ನ ಸ್ಟಿಕ್ ಎಳೆದೆ. ಎರಡೂ ರೆಕ್ಕೆ ಮೇಲಕ್ಕೆದ್ದು ಕೈಮುಗಿದವು. ಚಟ್ ಅನ್ನುವ ಸದ್ದು ಆಮೇಲೆ ಕೇಳಿಸಿತು. ಉಳಿದದ್ದನ್ನು ಒಂದು ಅಂಗಡಿ ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದೆ.

ಬೇಜಾರಿನ ವಿಷಯ ಏನಂದ್ರೆ, ಆ ರೆಕ್ಕೆಯನ್ನು ನಾನು ಪರೀಕ್ಷೆ ಮಾಡಿಯೇ ಹಾರಿಸಿದ್ದೆ. ಎಲ್ಲರೂ ಮಾಡುವ ಹಾಗೆ, ಎರಡು ತುದಿಗಳನ್ನು ಬೆರಳಲ್ಲಿ ಹಿಡಿದು ಇಡೀ ವಿಮಾನ ಎತ್ತಿದ್ದೆ. ರೆಕ್ಕೆ ಸ್ವಲ್ಪ ಬಾಗಿತು, ಮುರಿಯಲಿಲ್ಲ. ಪಾಸ್ ಅಂದುಕೊಂಡೆ. ಆ ಪರೀಕ್ಷೆ ನಿಜವಾಗಿ ಏನನ್ನು ಕೇಳುತ್ತಿತ್ತು, ಗಾಳಿ ಏನನ್ನು ಕೇಳಿತು ಅನ್ನೋದು ಲೆಕ್ಕ ಹಾಕಿದ ಮೇಲೇ ಗೊತ್ತಾಗಿದ್ದು.

ಜೋಕಾಲಿಯ ಕೆಳತುದಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಮಾನದ ಒಟ್ಟು ತೂಕ 1.5 ಕಿಲೋ. ಅದರಲ್ಲಿ ರೆಕ್ಕೆಯದ್ದೇ 400 ಗ್ರಾಂ. ತುದಿಯಿಂದ ತುದಿಗೆ ಒಂದೂವರೆ ಮೀಟರ್, ಅಗಲ 25 ಸೆಂಟಿಮೀಟರ್. ಕಲಿಯುವವರು ಹಾರಿಸುವ ಸಾಮಾನ್ಯ ಟ್ರೇನರ್ ಮಾಡೆಲ್.

ನೇರವಾಗಿ, ಒಂದೇ ಎತ್ತರದಲ್ಲಿ ಹಾರುವಾಗ ರೆಕ್ಕೆ ಎತ್ತಬೇಕಾದ್ದು ಒಂದೂವರೆ ಕಿಲೋ ಅಷ್ಟೇ. ಇದಕ್ಕೆ 1 ಜಿ ಅನ್ನುತ್ತಾರೆ. ಆದರೆ ಜೋಕಾಲಿ ಆಡಿದವರಿಗೆ ಗೊತ್ತು: ಜೋಕಾಲಿ ಕೆಳತುದಿಗೆ ಬಂದಾಗ ಮೈ ಭಾರ ಆಗುತ್ತದೆ, ಮಣೆ ಮೇಲಕ್ಕೆ ಒತ್ತಿದ ಹಾಗಾಗುತ್ತದೆ. ವಿಮಾನ ಗಾಳಿಯಲ್ಲಿ ನಿಂತ ಚಕ್ರದ ಹಾಗೆ ಸುತ್ತಿ ಲೂಪ್ ಹೊಡೆಯುವಾಗಲೂ, ಮೂಗು ಬಗ್ಗಿಸಿದ ಡೈವ್‌ನಿಂದ ಮೇಲೇಳುವಾಗಲೂ ಆಗುವುದು ಇದೇ. ಮಣೆಯ ಜಾಗದಲ್ಲಿ ರೆಕ್ಕೆ ಇರುತ್ತದೆ.

ಎಷ್ಟು ಭಾರ? ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ, ಮತ್ತೆ 9.8ರಿಂದ ಭಾಗಿಸಿ, 1 ಕೂಡಿಸಿ. ಸೆಕೆಂಡಿಗೆ 20 ಮೀಟರ್ ವೇಗ, ಅಂದರೆ ಗಂಟೆಗೆ 72 ಕಿಲೋಮೀಟರ್. 10 ಮೀಟರ್ ತ್ರಿಜ್ಯದ ಲೂಪ್. ಉತ್ತರ ಸುಮಾರು 5 ಜಿ. ಒಂದೂವರೆ ಕಿಲೋ ವಿಮಾನ ಆ ಕ್ಷಣಕ್ಕೆ ಏಳೂವರೆ ಕಿಲೋ ಆಗಿರುತ್ತದೆ. ಅದೇ ತಿರುವನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ತೆಗೆದುಕೊಂಡರೆ 10 ಜಿ ದಾಟುತ್ತದೆ. ವೇಗ ಒಂದೂವರೆ ಪಟ್ಟು ಆಯಿತು, ಭಾರ ಎರಡು ಪಟ್ಟು ಆಯಿತು. ಡೈವ್‌ನಲ್ಲಿ ರೆಕ್ಕೆಗಳು ಹೋಗುವುದು ಇದಕ್ಕೇ.

ಇದಕ್ಕೆ ಒಂದು ಮೇಲಿನ ಮಿತಿಯೂ ಇದೆ. ರೆಕ್ಕೆ ಬೇಕಾದಷ್ಟು ಎತ್ತಲಾರದು, ಒಂದು ಹಂತದಲ್ಲಿ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವಿಕೆ ಕುಸಿದುಬಿಡುತ್ತದೆ. ನೇರವಾಗಿ ಹಾರುವಾಗ ಯಾವ ವೇಗಕ್ಕಿಂತ ಕೆಳಗೆ ಹೀಗಾಗುತ್ತದೋ ಅದು ಸ್ಟಾಲ್ ವೇಗ. ಹಾರುವ ವೇಗವನ್ನು ಸ್ಟಾಲ್ ವೇಗದಿಂದ ಭಾಗಿಸಿ ವರ್ಗ ಮಾಡಿದರೆ ಆ ವೇಗದಲ್ಲಿ ಸಿಗಬಹುದಾದ ಗರಿಷ್ಠ ಜಿ ಸಿಗುತ್ತದೆ. ನಮ್ಮ ಉದಾಹರಣೆಯ ವಿಮಾನ ಸೆಕೆಂಡಿಗೆ 8 ಮೀಟರ್ ಹತ್ತಿರ ಸ್ಟಾಲ್ ಆಗುತ್ತದೆ ಅಂದುಕೊಳ್ಳಿ. 20 ಮೀಟರ್ ವೇಗದಲ್ಲಿ ಎಷ್ಟೇ ಜೋರಾಗಿ ಸ್ಟಿಕ್ ಎಳೆದರೂ 6 ಜಿಗಿಂತ ಜಾಸ್ತಿ ಬರುವುದು ಕಷ್ಟ. 30ರಲ್ಲಿ 14 ಜಿ ತನಕ ಬರಬಹುದು. ನಿಧಾನವಾಗಿ ಹಾರಿಸುವವರ ರೆಕ್ಕೆಯನ್ನು ಸ್ಟಾಲ್ ಕಾಪಾಡುತ್ತದೆ. ವೇಗವಾಗಿ ಹಾರಿಸುವವರಿಗೆ ಆ ಕಾವಲು ಇಲ್ಲ.

ಹೋಲಿಸಿ ನೋಡಿ: ದೊಡ್ಡ ಪ್ರಯಾಣಿಕ ವಿಮಾನಗಳ ವಿನ್ಯಾಸದಲ್ಲಿ ಲೆಕ್ಕಕ್ಕೆ ಹಿಡಿಯುವ ಮಿತಿ ಸಾಮಾನ್ಯವಾಗಿ 2.5 ಜಿ. ಬೆಂಗಳೂರಿನಲ್ಲಿ ಕಟ್ಟುವ ತೇಜಸ್ ಯುದ್ಧವಿಮಾನದ್ದು 8 ಜಿ. ಆಟಿಕೆ ಅಂತ ನಾವು ಕರೆಯುವ ವಿಮಾನ ಆ 5 ಜಿ ಲೂಪಿನಲ್ಲೇ ಇವೆರಡರ ನಡುವೆ ಕೂತಿದೆ, ಅಲ್ವಾ?

ಒಳಗಿನ ತೊಲೆ

ಹಂಚಿನ ಮನೆಗೆ ತೊಲೆ ಹೇಗೋ ರೆಕ್ಕೆಗೆ ಸ್ಪಾರ್ ಹಾಗೆ. ರಿಬ್‌ಗಳು ಆಕಾರ ಕೊಡುತ್ತವೆ, ಭಾರ ಹೊರುವುದು ಸ್ಪಾರ್. ಸಾಮಾನ್ಯವಾಗಿ ಅದರಲ್ಲಿ ಎರಡು ಪಟ್ಟಿ ಇರುತ್ತವೆ: ಒಂದು ರೆಕ್ಕೆಯ ಮೇಲ್ಮೈಗೆ ತಾಗಿ, ಇನ್ನೊಂದು ಕೆಳಮೈಗೆ ತಾಗಿ. ರೆಕ್ಕೆ ಮೇಲಕ್ಕೆ ಬಾಗಿದಾಗ ಕೆಳಗಿನ ಪಟ್ಟಿ ಎಳೆತಕ್ಕೆ ಸಿಗುತ್ತದೆ, ಮೇಲಿನದು ಒತ್ತಡಕ್ಕೆ.

ಈಗ ಆ ಪಟ್ಟಿಗಳ ಪಾಡು ನೋಡೋಣ. ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದು ಸುಲಭ. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಭುಜ ಬಿದ್ದುಹೋಗುತ್ತದೆ. ಕೊಡ ಅದೇ, ದೂರ ಬೇರೆ. ಭಾರವನ್ನು ದೂರದಿಂದ ಗುಣಿಸಿದರೆ ಬರುವುದೇ ಬೆಂಡಿಂಗ್ ಮೊಮೆಂಟ್. ರೆಕ್ಕೆಯ ಬುಡವೇ ಆ ಭುಜ.

ನಮ್ಮ ವಿಮಾನಕ್ಕೆ ಗಾಳಿಯ ಎತ್ತುವಿಕೆಯನ್ನು ದೀರ್ಘವೃತ್ತದ ಆಕಾರದಲ್ಲಿ ಹಂಚಿ, ರೆಕ್ಕೆಯ ಸ್ವಂತ ತೂಕವನ್ನು ಕಳೆದರೆ, 1 ಜಿಗೆ ಬುಡದಲ್ಲಿ ಸುಮಾರು 16 ಕಿಲೋ-ಸೆಂಟಿಮೀಟರ್ ಬರುತ್ತದೆ. (ನ್ಯೂಟನ್‌ನಲ್ಲಿ ಹೇಳಬೇಕು ಅಂತ ಫಿಸಿಕ್ಸ್ ಮೇಷ್ಟ್ರು ಗದರುತ್ತಾರೆ. ಅಡುಗೆಮನೆಯ ತಕ್ಕಡಿ ಕಿಲೋದಲ್ಲೇ ಮಾತಾಡುವುದರಿಂದ ನಾನೂ ಹಾಗೇ ಹೇಳುತ್ತೇನೆ.) 5 ಜಿಗೆ 82. ಎರಡು ಪಟ್ಟಿಗಳ ನಡುವಿನ ಅಂತರ ಎರಡೂವರೆ ಸೆಂಟಿಮೀಟರ್. 82ನ್ನು ಎರಡೂವರೆಯಿಂದ ಭಾಗಿಸಿ: 33 ಕಿಲೋ. ಸುರಕ್ಷತೆಗೆ ಅಂತ ಅದನ್ನು ಒಂದೂವರೆ ಪಟ್ಟು ಮಾಡಿದರೆ 49 ಕಿಲೋ.

ಒಂದು ಮೂಟೆ ಸಿಮೆಂಟ್. ಪೆನ್ಸಿಲ್ ದಪ್ಪದ, ಬಾಲ್ಸಾ ಅನ್ನುವ ಹಗುರ ಮರದ ಪಟ್ಟಿಯನ್ನು ಅದರ ಉದ್ದಕ್ಕೆ ಒಂದು ಮೂಟೆ ಸಿಮೆಂಟ್ ಅದುಮುತ್ತಿದೆ. ಈ ಲೆಕ್ಕ ಮೊದಲ ಸಲ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದೆ ಅಂತ ನಾನು ಮತ್ತೆ ಕ್ಯಾಲ್ಕುಲೇಟರ್ ಒತ್ತಿದ್ದೆ. ತಪ್ಪಿರಲಿಲ್ಲ.

ರೆಕ್ಕೆ ತೆಳ್ಳಗಾಗಿ ಆ ಅಂತರ ಅರ್ಧವಾದರೆ ಎರಡು ಮೂಟೆ. ಅದಕ್ಕೇ ದಪ್ಪ ರೆಕ್ಕೆಯನ್ನು ಗಟ್ಟಿ ಮಾಡುವುದು ಸುಲಭ, ತೆಳು ರೆಕ್ಕೆಗೆ ಕಾರ್ಬನ್ ಫೈಬರ್ ಬೇಕಾಗುತ್ತದೆ.

ಎಳೆತಕ್ಕೆ ಮರ ಚೆನ್ನಾಗಿ ತಡೆಯುತ್ತದೆ. ತೊಂದರೆ ಒತ್ತಡದಲ್ಲಿ. ಪೊರಕೆ ಕಡ್ಡಿಯನ್ನು ಎರಡು ತುದಿಯಿಂದ ಎಳೆದು ಹರಿಯುವುದು ಕಷ್ಟ, ಎರಡು ತುದಿಯಿಂದ ಅದುಮಿದರೆ ತಟ್ಟನೆ ಬಳುಕಿ ಮುರಿಯುತ್ತದೆ. ಹಾಗಾಗಿ ರೆಕ್ಕೆಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಮೇಲಿನ ಪಟ್ಟಿ. ಅದು ಬಳುಕದ ಹಾಗೆ ಹಿಡಿದುಕೊಳ್ಳುವುದಕ್ಕೆ ಎರಡು ಪಟ್ಟಿಗಳ ನಡುವೆ ವೆಬ್ ಹಾಕುತ್ತಾರೆ. ತೆಳು ಬಾಲ್ಸಾ ಹಾಳೆ, ಎಳೆ ನಿಂತ ದಿಕ್ಕಿನಲ್ಲಿ. ವೆಬ್‌ಗೆ ಇನ್ನೂ ಒಂದು ಕೆಲಸ ಇದೆ. ಒಂದು ನೋಟ್‌ಬುಕ್ ಬಗ್ಗಿಸಿ ನೋಡಿ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಪುಸ್ತಕ ಸಲೀಸಾಗಿ ಬಾಗುತ್ತದೆ. ಹಾಳೆಗಳನ್ನೆಲ್ಲ ಅಂಟಿಸಿಬಿಟ್ಟರೆ ಅದೇ ಪುಸ್ತಕ ಹಲಗೆ ಆಗುತ್ತದೆ. ಮೇಲಿನ ಪಟ್ಟಿ ಮತ್ತು ಕೆಳಗಿನ ಪಟ್ಟಿ ಹೀಗೆ ಜಾರದಂತೆ ಕಟ್ಟಿಹಾಕುವುದು ವೆಬ್.

ನನ್ನ ಮುರಿದ ರೆಕ್ಕೆಯನ್ನು ಟೇಬಲ್ ಮೇಲೆ ಹರಡಿ ನೋಡಿದಾಗ ಕಂಡದ್ದು ಇದು: ಬುಡದ ಹತ್ತಿರ, ಎರಡು ಅರ್ಧಗಳನ್ನು ಜೋಡಿಸುವ ಪ್ಲೈವುಡ್ ಪಟ್ಟಿ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಮುಂದೆ, ಎರಡು ರಿಬ್‌ಗಳ ನಡುವಿನ ಒಂದೇ ಒಂದು ಖಾನೆಯಲ್ಲಿ ವೆಬ್ ಇರಲಿಲ್ಲ. ಪ್ಲೈವುಡ್ ಅಲ್ಲಿಯವರೆಗೂ ಬರುತ್ತದೆ ಅಂದುಕೊಂಡಿದ್ದೆ. ಬಂದಿರಲಿಲ್ಲ. ಮುರಿದದ್ದು ಅಲ್ಲೇ, ಚಾಕುವಿನಲ್ಲಿ ಕೊಯ್ದ ಹಾಗೆ.

ತುದಿ ಹಿಡಿದು ಎತ್ತಿದರೆ ಸಾಲದೇ?

ಈಗ ನನ್ನ ಹಳೆಯ ಪರೀಕ್ಷೆಗೆ ಬರೋಣ. ಎರಡು ತುದಿ ಹಿಡಿದು ಎತ್ತಿದಾಗ ಪ್ರತಿ ತುದಿಯಲ್ಲೂ 750 ಗ್ರಾಂ ಬೀಳುತ್ತದೆ. ಬುಡಕ್ಕೆ 75 ಸೆಂಟಿಮೀಟರ್ ದೂರ. ರೆಕ್ಕೆಯ ತೂಕ ಕಳೆದರೆ ಸುಮಾರು 49 ಕಿಲೋ-ಸೆಂಟಿಮೀಟರ್. ಅಂದರೆ ಬುಡದ ಮಟ್ಟಿಗೆ ಅದು 3 ಜಿ ಪರೀಕ್ಷೆ. ನಾನು ಹೊಡೆದ ಡೈವ್ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು.

ಆದರೆ ಅದೇ ಪರೀಕ್ಷೆಯಲ್ಲಿ ಅರ್ಧ ರೆಕ್ಕೆಯ ನಡುಭಾಗ ಎಷ್ಟು ಅನುಭವಿಸುತ್ತದೆ ಅಂತ ಲೆಕ್ಕ ಹಾಕಿದರೆ ಉತ್ತರ 10 ಜಿ ಹತ್ತಿರ ಬರುತ್ತದೆ. ನಿಜವಾದ ಹಾರಾಟದಲ್ಲಿ ತುದಿಯ ಕಡೆ ಗಾಳಿ ಕಮ್ಮಿ ಎತ್ತುತ್ತದೆ, ನಾವು ಮಾತ್ರ ಇಡೀ ಭಾರವನ್ನು ತುದಿಗೇ ಕೊಟ್ಟಿದ್ದೇವೆ. ಹಾಗಾಗಿ ಒಂದೇ ಪರೀಕ್ಷೆ ರೆಕ್ಕೆಯ ಹೊರಭಾಗಕ್ಕೆ ಅನ್ಯಾಯ ಮಾಡುತ್ತದೆ, ಬುಡಕ್ಕೆ ರಿಯಾಯಿತಿ ಕೊಡುತ್ತದೆ. ಇಷ್ಟು ಕಷ್ಟಪಟ್ಟು ಹೊರಭಾಗವನ್ನು ಗಟ್ಟಿ ಮಾಡಿದವರು ಸುಮ್ನೆ ತೂಕ ಹೆಚ್ಚಿಸಿಕೊಂಡಿರುತ್ತಾರೆ. ಮೈದಾನದಲ್ಲಿ ಹಾರಿಸುವ ಮೊದಲು ಅಂಟು ಬಿಟ್ಟಿದೆಯಾ ಅಂತ ಒಮ್ಮೆ ನೋಡುವುದಕ್ಕೆ ತುದಿ ಎತ್ತಿ ನೋಡಿ, ತಪ್ಪಿಲ್ಲ. ರೆಕ್ಕೆ ಗಟ್ಟಿ ಇದೆ ಅನ್ನುವುದಕ್ಕೆ ಅದನ್ನು ಸಾಕ್ಷಿ ಮಾಡಬೇಡಿ.

ಮರಳು ಹಂಚುವುದು

ಮರಳಿನ ಪರೀಕ್ಷೆಯ ಗುಟ್ಟು ಹಂಚಿಕೆಯಲ್ಲಿದೆ. ರೆಕ್ಕೆಯನ್ನು ತಲೆಕೆಳಗು ಮಾಡುವುದು ಯಾಕೆ ಅಂದರೆ, ಮರಳು ಕೆಳಕ್ಕೆ ಮಾತ್ರ ಒತ್ತಬಲ್ಲದು. ಗಾಳಿ ಮೇಲಕ್ಕೆ ಎತ್ತುತ್ತದೆ. ರೆಕ್ಕೆಯನ್ನೇ ಮಗುಚಿದರೆ ಎರಡೂ ಒಂದಾಗುತ್ತವೆ.

ಅರ್ಧ ರೆಕ್ಕೆಯನ್ನು 15 ಸೆಂಟಿಮೀಟರಿನ ಐದು ಭಾಗ ಮಾಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ದೀರ್ಘವೃತ್ತದ ಹಂಚಿಕೆಯಲ್ಲಿ ಬುಡದಿಂದ ತುದಿಗೆ ಪಾಲು ಸುಮಾರು ನೂರಕ್ಕೆ 25, 24, 22, 18, 10. 5 ಜಿಯಲ್ಲಿ ಅರ್ಧ ರೆಕ್ಕೆ ಎತ್ತುವುದು 3.75 ಕಿಲೋ. ಅಷ್ಟನ್ನೂ ಹೇರಬಾರದು. ಹಾರಾಟದಲ್ಲಿ ರೆಕ್ಕೆಯ ಸ್ವಂತ ತೂಕವೂ ಐದು ಪಟ್ಟಾಗಿ ಕೆಳಕ್ಕೆ ಎಳೆಯುತ್ತಿರುತ್ತದೆ, ಅದು ಸ್ಪಾರ್‌ಗೆ ಸಹಾಯವೇ. ಅದನ್ನು ಕಳೆಯಬೇಕು. ಮಗುಚಿಟ್ಟಾಗ ಅದೇ ರೆಕ್ಕೆಯ ತೂಕ ಮರಳಿನ ಜೊತೆ ಸೇರಿ ಒತ್ತುತ್ತದೆ, ಅದನ್ನೂ ಕಳೆಯಬೇಕು. ಎಲ್ಲ ಕಳೆದು ಉಳಿಯುವುದು ಬುಡದಿಂದ ತುದಿಗೆ 710, 670, 585, 435, 150 ಗ್ರಾಂ. ಒಟ್ಟು ಒಂದು ಬದಿಗೆ ಎರಡೂವರೆ ಕಿಲೋ ಚಿಲ್ಲರೆ. ಇನ್ನೊಂದು ಬದಿಗೂ ಅಷ್ಟೇ.

ಮರಳು ಅಂದರೆ ಈಗ ನಮಗೆ ಸಿಗುವುದು ಎಂ-ಸ್ಯಾಂಡ್. ಅದು ಸಾಕು, ಒಣಗಿರಬೇಕು ಅಷ್ಟೇ. ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ತೂಗಿ ತುಂಬಿ. ಉಪ್ಪಿನ ಪೊಟ್ಟಣವೂ ಆಗುತ್ತದೆ, ಆದರೆ ಗಟ್ಟಿ ಮೂಲೆ ಫಿಲ್ಮ್ ಹರಿಯುತ್ತದೆ. ಚೀಲವನ್ನು ಅಗಲದ ಮುಂದಿನ ಕಾಲುಭಾಗದ ಗೆರೆಯ ಮೇಲೆ ಕೂರಿಸಿ, ಯಾಕೆಂದರೆ ಗಾಳಿಯ ಎತ್ತುವಿಕೆಯೂ ಹೆಚ್ಚುಕಮ್ಮಿ ಅಲ್ಲೇ ಕೇಂದ್ರವಾಗುತ್ತದೆ. ಹಿಂದಕ್ಕೆ ಇಟ್ಟರೆ ರೆಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ರಿಬ್ ಇರುವ ಕಡೆ ಇಡಿ, ನಡುವಿನ ಬರೀ ಫಿಲ್ಮ್ ಮೇಲಲ್ಲ. ರೆಕ್ಕೆ ಬಾಗಿದ ಹಾಗೆ ಚೀಲ ಜಾರುವುದರಿಂದ ಒಂದು ತುಂಡು ಟೇಪ್ ಹಾಕಿ.

ಸ್ಟೂಲಿನ ಮೇಲೆ ರೆಕ್ಕೆ ಕೂರುವ ಜಾಗ ವಿಮಾನದ ಮೈ ಎಷ್ಟು ಅಗಲವೋ ಅಷ್ಟೇ ಇರಬೇಕು. ಅಗಲ ಹಲಗೆಯ ಮೇಲೆ ಇಟ್ಟು ಪರೀಕ್ಷೆ ಮಾಡಿದರೆ ಬುಡದ ಜೋಡಣೆಯನ್ನೇ ಬಚ್ಚಿಟ್ಟ ಹಾಗೆ. ಪ್ರಶ್ನೆಪತ್ರಿಕೆಯಿಂದ ಕಷ್ಟದ ಪ್ರಶ್ನೆ ತೆಗೆದು ಪಾಸಾಗುವುದು ಅದು.

ಈಗ ಒಂದೇ ಸಲಕ್ಕೆ ಹೇರಬೇಡಿ. ಪ್ರತಿ ಭಾಗದ ತೂಕವನ್ನು ಐದು ಕಂತು ಮಾಡಿ, ಎರಡೂ ಬದಿಗೆ ಸಮನಾಗಿ, ಬುಡದಿಂದ ತುದಿಗೆ ಇಡುತ್ತಾ ಹೋಗಿ. ಮೆಲ್ಲಗೆ. ಭಾರವನ್ನು ತಟ್ಟನೆ ಕೈಬಿಟ್ಟರೆ, ಒಂದಿಂಚೂ ಮೇಲಿನಿಂದ ಬೀಳಿಸದಿದ್ದರೂ, ಆ ಕ್ಷಣಕ್ಕೆ ರೆಕ್ಕೆ ಎರಡು ಪಟ್ಟು ಬಾಗುತ್ತದೆ. 5 ಜಿ ಅಂದುಕೊಂಡು 10 ಜಿ ಕೊಟ್ಟಿರುತ್ತೀರಿ.

ತುದಿಯ ಪಕ್ಕದಲ್ಲಿ ಒಂದು ಸ್ಕೇಲ್ ನಿಲ್ಲಿಸಿ. ಪ್ರತಿ ಕಂತಿಗೂ ತುದಿ ಎಷ್ಟು ಇಳಿಯಿತು ಬರೆದುಕೊಳ್ಳಿ. 5 ಮಿಲಿಮೀಟರ್, 10, 15, 20 ಅಂತ ಒಂದೇ ಲೆಕ್ಕದಲ್ಲಿ ಹೋಗುತ್ತಿದ್ದರೆ ರೆಕ್ಕೆ ಆರಾಮಾಗಿದೆ. 20ರಿಂದ ಒಮ್ಮೆಲೇ 28ಕ್ಕೆ ಹಾರಿದರೆ ಒಳಗೆ ಎಲ್ಲೋ ಏನೋ ಬಿಟ್ಟುಕೊಂಡಿದೆ. ನಿಲ್ಲಿಸಿ, ಇಳಿಸಿ, ಹುಡುಕಿ. ಬಲ ಎಡಕ್ಕಿಂತ ಜಾಸ್ತಿ ಬಾಗುತ್ತಿದ್ದರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯವಾದ ಅಂಕಿ ಕೊನೆಯದು: ಚೀಲಗಳನ್ನೆಲ್ಲ ತೆಗೆದ ಮೇಲೆ ತುದಿ ಸೊನ್ನೆಗೆ ವಾಪಸ್ ಬಂತಾ? ಬರದಿದ್ದರೆ ರೆಕ್ಕೆ ಹೊರಗೆ ಎಷ್ಟು ಚೆಂದ ಕಂಡರೂ ಒಳಗೆ ಪೆಟ್ಟಾಗಿದೆ.

ಕಿವಿಯೂ ಕೆಲಸಕ್ಕೆ ಬರುತ್ತದೆ. ಬಾಲ್ಸಾ ಮುರಿಯುವ ಮೊದಲು ಕಿರ್ ಅನ್ನುತ್ತದೆ, ಅಂಟು ಬಿಟ್ಟರೆ ಟಿಕ್ ಅನ್ನುತ್ತದೆ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ ಕೇಳಿ. ಕಾರ್ಬನ್ ಮಾತ್ರ ಏನೂ ಹೇಳದೆ ಹೋಗಿಬಿಡುತ್ತದೆ, ಹೋಗುವಾಗ ಸೂಜಿಯಂಥ ಚೂರು ಎರಚುತ್ತದೆ. ಕಾರ್ಬನ್ ಸ್ಪಾರ್ ಪರೀಕ್ಷೆಗೆ ಕನ್ನಡಕ ಹಾಕಿಕೊಂಡೇ ನಿಲ್ಲಬೇಕು.

ಒಂದೂವರೆ ಪಟ್ಟು

ನಿಜವಾದ ವಿಮಾನಗಳಲ್ಲಿ ಎರಡು ಹಂತ ಇವೆ. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರಕ್ಕೆ ಲಿಮಿಟ್ ಲೋಡ್ ಅನ್ನುತ್ತಾರೆ. ಅಷ್ಟಕ್ಕೆ ರೆಕ್ಕೆ ಬಾಗಬಹುದು, ಆದರೆ ಶಾಶ್ವತವಾಗಿ ಸೊಟ್ಟಗಾಗಿ ತೊಂದರೆ ಕೊಡಬಾರದು. ಅದರ ಒಂದೂವರೆ ಪಟ್ಟಿಗೆ ಅಲ್ಟಿಮೇಟ್ ಲೋಡ್. ಪ್ರಯಾಣಿಕ ವಿಮಾನಗಳ ನಿಯಮದಲ್ಲಿ ಅಷ್ಟನ್ನು ಕನಿಷ್ಠ 3 ಸೆಕೆಂಡ್ ತಡೆದುಕೊಳ್ಳಬೇಕು. ಆಮೇಲೆ ಮುರಿದರೂ ಸರಿ.

ಬೋಯಿಂಗ್ 777ರ ರೆಕ್ಕೆಯನ್ನು 1995ರ ಜನವರಿಯಲ್ಲಿ ಹೀಗೇ ಬಗ್ಗಿಸಿದರು. ತುದಿ ಸುಮಾರು 24 ಅಡಿ ಮೇಲೆದ್ದಿತ್ತು. ಲಿಮಿಟ್ ಲೋಡಿನ ಶೇಕಡಾ 154ಕ್ಕೆ ಎರಡೂ ರೆಕ್ಕೆ ಸಿಡಿದವು. 2006ರ ಫೆಬ್ರವರಿಯಲ್ಲಿ ಏರ್‌ಬಸ್ ಎ380ರ ರೆಕ್ಕೆ ಒಂದೂವರೆ ಪಟ್ಟು ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಮುರಿಯಿತು. ಆ ಜಾಗಕ್ಕೆ ಬಲ ಕೊಟ್ಟು ಮುಂದುವರಿದರು. 777ರ ಅಂಕಿ ನನಗೆ ತುಂಬಾ ಇಷ್ಟ. ಬೇಕಾದ್ದು 150, ಸಿಕ್ಕಿದ್ದು 154. 200ಕ್ಕೆ ಮುರಿದಿದ್ದರೆ ಅದು ಹೆಮ್ಮೆಪಡುವ ವಿಷಯ ಆಗುತ್ತಿರಲಿಲ್ಲ. ಅಷ್ಟು ಲೋಹವನ್ನು ವಿಮಾನ ಜೀವಮಾನವಿಡೀ ಸುಮ್ಮನೆ ಹೊತ್ತು ತಿರುಗಬೇಕಿತ್ತು.

ಅಲ್ಲಿ ಮರಳಿನ ಬದಲು ಹೈಡ್ರಾಲಿಕ್ ಜಾಕ್ ಇರುತ್ತವೆ. ಒಂದು ಜಾಕಿನ ಎಳೆತವನ್ನು ಹಲವು ಕಡೆ ಹಂಚುವುದಕ್ಕೆ ವಿಫಲ್‌ಟ್ರೀ ಅನ್ನುವ ಸನ್ನೆಗೋಲುಗಳ ಜೋಡಣೆ ಬಳಸುತ್ತಾರೆ. ಅದು ಗಾಡಿ ಎಳೆಯುವ ಪ್ರಾಣಿಗಳ ಹಗ್ಗದ ಕಟ್ಟಿನಿಂದಲೇ ಬಂದ ಉಪಾಯ. ಎರಡು ಎತ್ತಿನ ನಡುವೆ ನೊಗ ಭಾರ ಹಂಚುವ ಹಾಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತದೆ.

ನಮಗೆ ಒಂದೂವರೆ ಪಟ್ಟು ಯಾಕೆ ಬೇಕು? ಬಾಲ್ಸಾ ನೋಡಿ ಸಾಕು. ಒಂದೇ ಅಂಗಡಿಯ, ಒಂದೇ ಅಳತೆಯ ಎರಡು ಪಟ್ಟಿಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಗಬಹುದು. ಹಗುರದ್ದು ಬಲದಲ್ಲೂ ಹಗುರ. ಜೊತೆಗೆ ನಮ್ಮ ಅಂಟು ಹಾಕುವ ಕೈ, ಬಿಸಿಲಿಗೆ ಬಿಟ್ಟ ಕಾರಿನ ಡಿಕ್ಕಿ, ಹಳೆಯ ಲ್ಯಾಂಡಿಂಗ್‌ಗಳ ನೆನಪು.

ಆದರೆ ಹಾರಿಸಬೇಕಾದ ರೆಕ್ಕೆಯನ್ನೇ ಒಂದೂವರೆ ಪಟ್ಟಿಗೆ ಒಯ್ಯಲು ನನಗೆ ಧೈರ್ಯ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅದಕ್ಕೆ ಅಗ್ಗದ ದಾರಿ ಇದೆ. ಅದೇ ಮರ, ಅದೇ ಅಂಟು, ಅದೇ ವೆಬ್ ಹಾಕಿ ಬರೀ ಸ್ಪಾರ್‌ನ ಒಂದು ತುಂಡು ಮಾಡಿ. ಬುಡವನ್ನು ಟೇಬಲ್ಲಿಗೆ ಕ್ಲಾಂಪ್ ಹಾಕಿ, 50 ಸೆಂಟಿಮೀಟರ್ ದೂರದಲ್ಲಿ ಬಕೆಟ್ ನೇತುಹಾಕಿ. ಒತ್ತಡ ತಿನ್ನಬೇಕಾದ ಪಟ್ಟಿ ಕೆಳಗಿರಲಿ. ಚೊಂಬಿನಲ್ಲಿ ನೀರು ಸುರಿಯುತ್ತಾ ಹೋಗಿ. ನೀರಿನ ಚೆಲುವು ಏನಂದ್ರೆ ಅದು ಎಗರುವುದಿಲ್ಲ, ಸ್ವಲ್ಪಸ್ವಲ್ಪವಾಗಿ ಬರುತ್ತದೆ. 123 ಕಿಲೋ-ಸೆಂಟಿಮೀಟರ್ ಬೇಕು ಅಂದರೆ ಬಕೆಟ್ ಸಮೇತ ಎರಡೂವರೆ ಕಿಲೋ ತನಕ ತಡೆಯಬೇಕು. ಮುರಿದ ಮೇಲೆ ಬಕೆಟ್ ತೂಗಿ. ನೆಲ ಒರೆಸುವ ಬಟ್ಟೆ ಮೊದಲೇ ಹತ್ತಿರ ಇಟ್ಟುಕೊಳ್ಳಿ. ಒಂದು ತುಂಡಿಗೆ ವೆಬ್ ಹಾಕಿ, ಇನ್ನೊಂದಕ್ಕೆ ಹಾಕದೆ ಮುರಿದು ನೋಡಿದರೆ ನನ್ನ ಆ ಒಂದು ಖಾನೆಯ ಕಥೆ ನಿಮ್ಮ ಕಣ್ಣೆದುರೇ ನಡೆಯುತ್ತದೆ.

ಮರಳು ಹೇಳದ ಒಂದು ಸಂಗತಿ ಉಂಟು. ವೇಗ ಹೆಚ್ಚಾದಾಗ ಕೆಲವು ರೆಕ್ಕೆಗಳು, ಸಡಿಲ ಐಲರಾನ್‌ಗಳು (ವಿಮಾನವನ್ನು ಓರೆಯಾಗಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ, ಕೀಲಿನ ಮೇಲೆ ಆಡುವ ಪಟ್ಟಿಗಳು) ಗರ್ ಅಂತ ಅದುರಲು ಶುರುಮಾಡುತ್ತವೆ. ಅದು ಫ್ಲಟರ್. ಸ್ಪಾರ್ ಎಷ್ಟೇ ಗಟ್ಟಿ ಇದ್ದರೂ, ರೆಕ್ಕೆ ಸುಲಭವಾಗಿ ತಿರುಚುವ ಹಾಗಿದ್ದರೆ ಫ್ಲಟರ್ ಅದನ್ನು ಸೆಕೆಂಡುಗಳಲ್ಲಿ ಚಿಂದಿ ಮಾಡಬಲ್ಲದು. ಬುಡ ಹಿಡಿದು ತುದಿಯನ್ನು ಎರಡು ಬೆರಳಲ್ಲಿ ತಿರುಚಿ ನೋಡಿ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಗಿದರೆ ಮುಂಭಾಗಕ್ಕೆ ಬಾಲ್ಸಾ ಹಾಳೆ ಹೊದಿಸಿ, ಸ್ಪಾರ್ ಜೊತೆ ಸೇರಿ ಕೊಳವೆಯಂತಾಗುವ ಹಾಗೆ ಮುಚ್ಚಬೇಕು. ಐಲರಾನ್ ಕೀಲಿನಲ್ಲಿ ಲೊಡಲೊಡ ಇರಬಾರದು.

ಈಗ ನನ್ನ ಪ್ರತಿ ರೆಕ್ಕೆಯ ಬುಡದ ರಿಬ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ಸಾಲು ಇರುತ್ತದೆ: '5 ಜಿ, ಸೊನ್ನೆಗೆ ವಾಪಸ್', ಕೆಳಗೆ ತಾರೀಕು. ವಿಮಾನ ಜೋರಾಗಿ ನೆಲಕ್ಕೆ ತಾಗಿದ ದಿನ ಆ ಸಾಲನ್ನು ರಬ್ಬರಿನಿಂದ ಉಜ್ಜಿಹಾಕಿ, ಮತ್ತೆ ಸ್ಟೂಲಿನ ಕೆಳಗಿಂದ ಮರಳಿನ ಡಬ್ಬ ಎಳೆಯುತ್ತೇನೆ.